ಮಗ್ಗ ಮುಟ್ಟಿದ ಆಣೆ

ಸೂರಮ್ಮನಿಗೆ ರಗ್ಬಿ ಎಂಬ ಆಟದ ಮೇಲೆ ಮೊದಲ ದಿನದಿಂದಲೂ ಸಿಟ್ಟು. ಚೆಂಡು ಅಂದಮೇಲೆ ಗುಂಡಗಿರಬೇಕು ತಾನೇ? ಇದು ನೋಡಿದರೆ ಕರಬೂಜದ ಹಾಗೆ ಉದ್ದುದ್ದ. ಓಡುವುದು ಮುಂದಕ್ಕಂತೆ, ಚೆಂಡು ಕೊಡುವುದು ಮಾತ್ರ ಹಿಂದಿನವರಿಗಂತೆ. ತಲೆ ನೆಟ್ಟಗಿರುವವರು ಆಡುವ ಆಟವಾ ಇದು ಎಂದು ಗಂಡ ಬೊಮ್ಮಲಿಂಗಪ್ಪನ ಮುಂದೆ ಹಾರಾಡಿದಳು. ಅವನು ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟುಕೊಂಡು ಲಾಳಿ ಎಸೆಯುತ್ತಲೇ ಇದ್ದ. ಆ ಮನುಷ್ಯ ಬಾಯಿಬಿಟ್ಟು ಒಂದು ಮಾತಾಡಬೇಕಾದರೆ ಒಂದು ಸೀರೆ ಮುಗಿಯಬೇಕು.

ಅಸಲು ಸಿಟ್ಟು ಚೆಂಡಿನ ಮೇಲಲ್ಲ. ಮಗಳ ಕೈಯ ಚಿಂತೆ ಅದು. ಮಗ್ಗಕ್ಕೆ ಉದ್ದಕ್ಕೆ ಬಿಗಿದ ರೇಷ್ಮೆ ಎಳೆಗಳ ಹಳೆಯ ಹಾಸು ಮುಗಿಯಿತೆಂದರೆ, ಅದರ ಒಂದೊಂದು ಎಳೆಯ ತುದಿಗೂ ಹೊಸ ಹಾಸಿನ ಒಂದೊಂದು ಎಳೆಯನ್ನು, ಬೂದಿ ಹಚ್ಚಿದ ಬೆರಳಲ್ಲಿ ಹೊಸೆದು ಸೇರಿಸಬೇಕು. ಕೆಚ್ಚುವುದು ಅನ್ನುತ್ತಾರೆ. ಮದುವೆಯಾಗಿ ಮೊಳಕಾಲ್ಮೂರಿಗೆ ಬಂದಾಗಿನಿಂದ ಸೂರಮ್ಮನೇ ಕೆಚ್ಚಿದ್ದು. ಈಗ ಅವಳ ಕಣ್ಣಿಗೆ ಎಳೆಗಳು ಬಿಡಿಬಿಡಿಯಾಗಿ ಕಾಣವು. ಹಾಗಾಗಿ ಆ ಕೆಲಸ ಎಂಟನೇ ಕ್ಲಾಸಿನ ಮಗಳು ಜ್ಯೋತಿಲಕ್ಷ್ಮಿಯ ಪಾಲಿಗೆ ಬಂದಿತ್ತು. ತರಚಿದ ಬೆರಳಿಗೆ ರೇಷ್ಮೆ ಸಿಕ್ಕಿಕೊಂಡರೆ ಪಟ್ಟನೆ ಹರಿಯುತ್ತದೆ. ಶಾಲೆಯ ಮೈದಾನವೋ, ದೇವರಿಗೇ ಪ್ರೀತಿ, ಮಣ್ಣಿಗಿಂತ ಕಲ್ಲೇ ಜಾಸ್ತಿ.

ಆ ಶಾಲೆಯಲ್ಲಿ ಆಟದ ಟೀಚರ್ ಗಂಗಾಂಬಿಕಾ ಚಿಕ್ಕ ಮಕ್ಕಳ ಎರಡು ತಂಡ ಕಟ್ಟಿದ್ದರು, ಹುಡುಗರದೊಂದು, ಹುಡುಗಿಯರದೊಂದು. ಜೂನ್‌ನಲ್ಲಿ ಆಡಿದ ಪಂದ್ಯಗಳನ್ನು ನೆನೆಸಿಕೊಂಡರೆ ಟೀಚರಿಗೆ ಈಗಲೂ ನಗು. ಎಲ್ಲರೂ ಕಬಡ್ಡಿಯಲ್ಲಿ ಪಳಗಿದ ಮಕ್ಕಳು. ಎದುರಿನವರ ಕಾಲು ಸಿಕ್ಕಿತೋ, ಜಪ್ಪಯ್ಯ ಅಂದರೂ ಬಿಡುತ್ತಿರಲಿಲ್ಲ. ರಗ್ಬಿಯಲ್ಲಿ ಕೆಡವಿದ ಮೇಲೆ ಬಿಡಬೇಕು. ಇವರು ಬಿಡರು, ಸೀಟಿ ನಿಲ್ಲದು. ಎರಡು ತಂಡಗಳೂ ಮಣ್ಣು ಮುಕ್ಕಿ ಬಂದವು. ಆದರೆ ಆ ಮಕ್ಕಳ ಹಟ ಸಾಮಾನ್ಯದ್ದಲ್ಲ. ಬೆಳಿಗ್ಗೆ ಹಾಲು ಹಾಕಿ ಬಂದವರು, ಕುರಿಹಟ್ಟಿ ಗುಡಿಸಿ ಬಂದವರು, ಲಾಳಿಗೆ ನೂಲಿನ ಕಂಡಿಕೆ ಸುತ್ತಿಟ್ಟು ಬಂದವರು, ಪ್ರಾರ್ಥನೆಯ ಗಂಟೆಗೆ ಮುಂಚೆ ಮೈದಾನದಲ್ಲಿರುತ್ತಿದ್ದರು. ದೀಪಾವಳಿ ಹೊತ್ತಿಗೆ ಗೆಲ್ಲತೊಡಗಿದರು. ಹುಡುಗರು ಸೆಮಿಫೈನಲ್‌ನಲ್ಲಿ ಸೋತರು. ಒಂದು ದಿನ ಮುಖ ಊದಿಸಿಕೊಂಡಿದ್ದು, ಮಾರನೆಯ ದಿನ ನಾಯಕ ಲೋಹಿತನನ್ನು ಮುಂದಿಟ್ಟುಕೊಂಡು ಬಂದು, ಹುಡುಗಿಯರ ಅಭ್ಯಾಸಕ್ಕೆ ಎದುರಾಳಿಗಳಾಗಿ ನಿಂತರು. ಹುಡುಗಿಯರ ನಾಯಕಿ ಜ್ಯೋತಿಲಕ್ಷ್ಮಿ.

ಹೀಗೆ ಗೆದ್ದು ಬಂದ ಒಂದು ಸಂಜೆಯೇ ರಗಳೆಯಾಯಿತು. ಕೈ ತರಚಿಕೊಂಡು ಬಂದವಳು ಹೇಳದೆ ಕೆಚ್ಚಲು ಕೂತಳು. ಎಳೆಗಳು ಹರಿದು ಬೊಮ್ಮಲಿಂಗಪ್ಪ ಮಗ್ಗ ನಿಲ್ಲಿಸಬೇಕಾಯಿತು. ಸೂರಮ್ಮ ಚೆಂಡಾಟಕ್ಕೆ ಎಳ್ಳುನೀರು ಬಿಟ್ಟೇಬಿಟ್ಟಳು. ಹುಡುಗಿ ವಾದಿಸಲಿಲ್ಲ, ಊಟವನ್ನೂ ಮಾಡಲಿಲ್ಲ. ಗಂಗಾಂಬಿಕಾ ಟೀಚರ್ ಮನೆಗೆ ಬಂದು, ಚಾಪೆಯ ಮೇಲೆ ಕೂತು, ನಿಮ್ಮ ಮಗಳಿಲ್ಲದೆ ತಂಡವೇ ಇಲ್ಲ ಎಂದು ಕೈಮುಗಿದರು. ಟೀಚರ್ ಮನೆಗೇ ಬಂದು ಕೈಮುಗಿದರೆ ಯಾವ ತಾಯಿಯ ಎದೆ ಕರಗುವುದಿಲ್ಲ? ಸೂರಮ್ಮ ಕರಗಿದಳು, ಆದರೆ ಪೂರ್ತಿ ಅಲ್ಲ.

"ಮಗ್ಗ ಮುಟ್ಟಿ ಹೇಳು," ಅಂದಳು ಮಗಳಿಗೆ. "ಇನ್ಮೇಲೆ ಕೈ ಊರಿ ಬೀಳಲ್ಲ ಅಂತ."

ಆ ಓಣಿಯಲ್ಲಿ ದೇವರ ಮೇಲೆ ಸುಳ್ಳು ಆಣೆ ಇಟ್ಟವರುಂಟು, ಮಗ್ಗದ ಮೇಲೆ ಇಟ್ಟವರಿಲ್ಲ. ಜ್ಯೋತಿಲಕ್ಷ್ಮಿ ಮಗ್ಗದ ಮರ ಮುಟ್ಟಿ, "ಬೀಳಲ್ಲವ್ವ," ಅಂದಳು.

ಫೈನಲ್ ಚಳ್ಳಕೆರೆಯಲ್ಲಿ. ಅದೇ ವಾರ ಮನೆಯಲ್ಲಿ ಹಳೆಯ ಹಾಸು ಮುಗಿದಿತ್ತು. ಪರಶುರಾಂಪುರದ ಮದುವೆಯೊಂದಕ್ಕೆ ಧಾರೆ ಸೀರೆ ಒಪ್ಪಿಕೊಂಡಾಗಿತ್ತು. ಪಂದ್ಯದ ಮಾರನೆಯ ದಿನವೇ ಹೊಸ ಹಾಸು ಕೆಚ್ಚಬೇಕು. ಮುಹೂರ್ತವೇನು ಹುಡುಗಿಯ ಕೈ ಮಾಯಲಿ ಅಂತ ಕಾಯುತ್ತದೆಯೇ? ಮಗಳ ಕೈ ಕಾಯಲೆಂದೇ ಸೂರಮ್ಮ ಬಸ್ಸು ಹತ್ತಿದಳು. ಆಟ ನೋಡಲು ಖಂಡಿತಾ ಅಲ್ಲ, ಹಾಗಂತ ಬಸ್ಸಿನಲ್ಲಿ ಪಕ್ಕ ಕೂತವರಿಗೂ ಹೇಳಿದಳು.

ಆದರೆ ಆಟ ಶುರುವಾದ ಮೇಲೆ ಅವಳಿಗೆ ಕಣ್ಣು ಕೀಳಲಾಗಲಿಲ್ಲ. ದೂರದ್ದು ಅವಳಿಗೆ ಚೆನ್ನಾಗಿಯೇ ಕಾಣುತ್ತಿತ್ತು. ಮನೆಯಲ್ಲಿ ಉಪ್ಪು ತಗೊಂಡು ಬಾ ಅಂದರೆ ಹತ್ತು ಸಲ ಕೂಗಿಸಿಕೊಳ್ಳುವ ಹುಡುಗಿ ಇಲ್ಲಿ ಒಂದು ಸಲ ಕೂಗಿದರೆ ಇಡೀ ತಂಡ ತಿರುಗುತ್ತಿತ್ತು. ಹಿಂದೆ ನೋಡದೆಯೇ ಚೆಂಡನ್ನು ಹಿಂದಕ್ಕೆ ಕೊಡುತ್ತಿದ್ದಳು. ಅಲ್ಲಿ ಒಬ್ಬಳು ಇದ್ದೇ ಇರುತ್ತಿದ್ದಳು. ಅಷ್ಟೊಂದು ನಂಬಿಕೆ! ಇವಳು ನನ್ನ ಹೊಟ್ಟೆಯಲ್ಲಿ ಹುಟ್ಟಿದವಳಾ ಎಂದು ಸೂರಮ್ಮನಿಗೆ ಅನ್ನಿಸಿತು.

ಪಕ್ಕದಲ್ಲಿ ಕೂತವಳು ಚಳ್ಳಕೆರೆಯ ಮಂಜುಳಮ್ಮ, ಎದುರು ತಂಡದ ಹುಡುಗಿಯೊಬ್ಬಳ ತಾಯಿ. ಹುರಿದ ಶೇಂಗಾ ಕೊಟ್ಟು ಆಟ ವಿವರಿಸುತ್ತಿದ್ದಳು. ಗೆರೆ ದಾಟಿದರೆ ಸಾಲದಂತೆ, ಚೆಂಡನ್ನು ಆಚೆಯ ನೆಲಕ್ಕೆ ಒತ್ತಬೇಕಂತೆ, ಆಗಲೇ ಅಂಕ. ಅಷ್ಟರಲ್ಲಿ ಜ್ಯೋತಿಲಕ್ಷ್ಮಿ ಎಲ್ಲರನ್ನೂ ತಪ್ಪಿಸಿಕೊಂಡು ಗೆರೆ ದಾಟಿದಳು. ಹಾರಿ ಬಿದ್ದಿದ್ದರೆ ಆಗಿಹೋಗುತ್ತಿತ್ತು. ಅವಳು ನಿಂತು, ಬಾಗಿ, ಚೆಂಡನ್ನು ಇಡಲು ಹೋದಳು. ಹಿಂದಿನಿಂದ ಬಂದವರು ಕೈಗೆ ಹೊಡೆದು ಚೆಂಡು ಹಾರಿಸಿದರು.

"ಆ ಉದ್ದ ಜಡೆಯೋಳು ಚೆನ್ನಾಗಿ ಓಡ್ತಾಳ್ರಿ," ಅಂದಳು ಮಂಜುಳಮ್ಮ. "ಆದ್ರೆ ಬೀಳಾಕೆ ಹೆದರ್ತಾಳೆ. ಪುಕ್ಕಲಿ."

ಸೂರಮ್ಮನ ಬಾಯಲ್ಲಿದ್ದ ಶೇಂಗಾ ಅಲ್ಲೇ ಉಳಿಯಿತು. ಆಗ ಅವಳು ಸರಿಯಾಗಿ ನೋಡಿದಳು. ಯಾರಾದರೂ ಕೆಡವಿದರೆ ಮಗಳು ಮುಷ್ಟಿ ಬಿಗಿದು ಭುಜದ ಮೇಲೆ ಬೀಳುತ್ತಿದ್ದಳು. ತೋಳೆಲ್ಲ ಕೆಂಪಾಗಿತ್ತು, ಅಂಗೈ ಮಾತ್ರ ನೆಲಕ್ಕೆ ಮುಟ್ಟಿಸಿರಲಿಲ್ಲ. ಹೆದರಿಕೆಯಲ್ಲ ಅದು, ಕೊಟ್ಟ ಮಾತು. ಇಷ್ಟು ಹೊತ್ತು ಗೆರೆಯ ಹತ್ತಿರ ಹೋಗಿ ಹೋಗಿ ಅಂಕವನ್ನು ಗೆಳತಿಯರ ಕೈಗೆ ಕೊಟ್ಟು ಬರುತ್ತಿದ್ದುದೂ ಅದಕ್ಕೇ. ನನ್ನ ಆಣೆ ಉಳಿಸಲು ನನ್ನ ಮಗಳು ಊರ ಮುಂದೆ ಪುಕ್ಕಲಿ ಅನ್ನಿಸಿಕೊಳ್ಳುತ್ತಿದ್ದಾಳೆ, ಅಂದುಕೊಂಡಳು ಸೂರಮ್ಮ.

ಎರಡೂ ತಂಡ ಸಮವಿದ್ದವು. ಹೊತ್ತು ಮುಗಿಯುತ್ತಾ ಬಂದಾಗ ಚೆಂಡು ಮತ್ತೆ ಜ್ಯೋತಿಲಕ್ಷ್ಮಿಯ ಕೈಗೆ ಬಂತು. ಈ ಸಲ ಹಿಂದೆ ಕೊಡಲು ಯಾರೂ ಇರಲಿಲ್ಲ. ಗೆರೆ ಹತ್ತಿರವಾಯಿತು, ಮಂಜುಳಮ್ಮನ ಮಗಳು ಬೆನ್ನಿಗೇ ಬಂದಳು. ಸೂರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದು ನಿಂತಿದ್ದು ಅವಳಿಗೇ ಗೊತ್ತಾಗಲಿಲ್ಲ.

"ಬೀಳೇ ಜ್ಯೋತೀ! ಕೈ ಹೋದ್ರೆ ಹೋಗ್ಲಿ, ಬೀಳೇ!"

ಹುಡುಗಿ ಹಾರಿದಳು. ಎರಡೂ ಕೈ ಚಾಚಿ, ಚೆಂಡಿನ ಸಮೇತ ಆ ಗರಸು ಕಲ್ಲಿನ ನೆಲದ ಮೇಲೆ ಉಜ್ಜಿಕೊಂಡು ಹೋದಳು. ಸೀಟಿ ಮೊಳಗಿತು. ತಂಡಕ್ಕೆ ನೀರು ಕೊಡಲು ಬಂದಿದ್ದ ಲೋಹಿತ ಮತ್ತವನ ಹುಡುಗರು ಬಾಟಲಿ ಎಸೆದು ಒಳಗೆ ಓಡಿದರು.

ಮಂಜುಳಮ್ಮ ಮೆಲ್ಲಗೆ, "ನಿಮ್ ಮಗಳೇನ್ರಿ?" ಅಂತ ಕೇಳಿದಳು.

"ಹೌದ್ರಿ. ನನ್ ಮಗಳೇ," ಅಂದಳು ಸೂರಮ್ಮ, ಸುತ್ತಲಿನವರಿಗೆಲ್ಲ ಕೇಳುವ ಹಾಗೆ.

ಮಾರನೆಯ ಬೆಳಿಗ್ಗೆ ಹಳೆಯ ಎಳೆಗಳ ತುದಿ ಮಾತ್ರ ಉಳಿದಿದ್ದ ಮಗ್ಗದ ಮುಂದೆ ಹೊಸ ಹಾಸು ಬಿಚ್ಚಿಟ್ಟಿತ್ತು. ಜ್ಯೋತಿಲಕ್ಷ್ಮಿಯ ಎರಡೂ ಕೈಗೆ ಬಿಳಿ ಪಟ್ಟಿ. ಹಿಂದಿನ ಸಂಜೆ ಸುದ್ದಿ ಕೇಳುವ ಮೊದಲೇ ನೂಲಿನ ಕೆಲಸಕ್ಕೆ ಹೋಗಿ, ಬೆಳಿಗ್ಗೆ ಮನೆಗೆ ಬಂದಿದ್ದ ಬೊಮ್ಮಲಿಂಗಪ್ಪ ಆ ಪಟ್ಟಿಗಳನ್ನು ನೋಡಿದ, ಹಾಸು ನೋಡಿದ.

"ಗೆದ್ರಾ?" ಅಂದ.

ಮಗಳು ಹೌದೆಂದು ತಲೆಯಾಡಿಸಿದಳು. ಅವನು ಬೂದಿಯ ಬಟ್ಟಲು ತಂದು ಹೆಂಡತಿಯ ಮುಂದಿಟ್ಟು, ಕಂಡಿಕೆ ಸುತ್ತಲು ಹೋದ.

ಸೂರಮ್ಮ ಬೆರಳಿಗೆ ಬೂದಿ ಹಚ್ಚಿಕೊಂಡಳು. ಮಗಳು ತೊಡೆಗೆ ತೊಡೆ ತಾಗಿಸಿ ಕೂತು ಕಣ್ಣಾದಳು. ಸ್ವಲ್ಪ ಎಡಕ್ಕವ್ವ, ಅದರ ಪಕ್ಕದ್ದು, ಹಾಂ ಅದೇ, ಎಂದು ಹೇಳುತ್ತಾ ಹೋದಳು. ಹಳೆಯ ಬೆರಳುಗಳು ಮೊದಮೊದಲು ತಡವರಿಸಿದವು, ಆಮೇಲೆ ಸುಳಿವು ಸಿಕ್ಕಿತು. ಹೀಗೆ ಸುಮಾರು ಹೊತ್ತಾದ ಮೇಲೆ ಹುಡುಗಿ ಮಗ್ಗದ ಮರದ ಕಡೆ ನೋಡುತ್ತಾ, "ಆಣೆ ಮುರೀತಲ್ಲವ್ವ?" ಅಂದಳು.

ಸೂರಮ್ಮ ತಲೆಯೆತ್ತಲಿಲ್ಲ. ಕೈಯಲ್ಲಿದ್ದ ಎರಡು ತುದಿಗಳನ್ನು ಹೊಸೆದು, ಎಳೆದು, ಗಟ್ಟಿಯಾಗಿದೆಯೇ ಎಂದು ನೋಡಿದಳು.

"ಹರಿದಿದ್ದನ್ನ ಕೆಚ್ಚಾಕೇ ಕುಂತಿದೀನಲ್ಲೇ," ಅಂದಳು. "ಮುಂದಿನ ಎಳೆ ಎಲ್ಲೈತೆ, ತೋರಿಸು."