ಎರಡು ಅಂಕದ ಪ್ರಶ್ನೆ

ಬೆಳಗಿನ ಐದು ಗಂಟೆ ನಲವತ್ತು ನಿಮಿಷ, ರೇಷ್ಮೆ ಹುಳುವಿನ ಮನೆಯ ಬಾಗಿಲು ಮುಚ್ಚಿ ಒಂದು ಗಂಟೆ ನಲವತ್ತು ನಿಮಿಷ — ಟೈಂಪೀಸಿನ ಮುಳ್ಳು ಲಾಟೀನಿನ ಬೆಳಕಿಗೆ ಚೆನ್ನಾಗಿ ಕಾಣುತ್ತದೆ, ಅಂಗಳದ ಆಚೆಯ ಬಾಗಿಲು ಮಾತ್ರ ಕಪ್ಪಗೆ — ಪಾಠ ಒಂಬತ್ತು, ದಹನ ಮತ್ತು ಉಸಿರಾಟ, ಶ್ಯಾಮಲ ಕೊಟ್ಟಿಗೆಯ ಚಪ್ಪರದಡಿ ಗೋಣಿಚೀಲ ಹಾಸಿಕೊಂಡು ಕೂತಿದ್ದಾಳೆ, ಮುಟ್ಟಾಗಿ ಮೂರನೇ ದಿನ, ನಾಳೆ ತಲೆಗೆ ನೀರು, ಆದರೆ ಪರೀಕ್ಷೆ ಇವತ್ತೇ, ಹತ್ತೂವರೆಗೆ ಮುಳಬಾಗಿಲಿನಲ್ಲಿ, ಏಳನೇ ತರಗತಿಯ ಪಬ್ಲಿಕ್ ಪರೀಕ್ಷೆ, ಸಾಮಾನ್ಯ ವಿಜ್ಞಾನ, ಕುರುಡುಮಲೆ ಕಡೆಯ ಬಸ್ಸು ಎಂಟೂಕಾಲಿಗೆ, ಅದು ತಪ್ಪಿದರೆ ನಡಿಗೆ — ವಸ್ತುವೊಂದು ಆಮ್ಲಜನಕದೊಡನೆ ಸೇರಿ ಶಾಖ ಮತ್ತು ಬೆಳಕನ್ನು ಕೊಡುವ ಕ್ರಿಯೆಗೆ ದಹನ ಎನ್ನುತ್ತಾರೆ, ಜೋರಾಗಿ ಓದಿದಳು, ಜೋರಾಗಿಯೇ ಓದಬೇಕು, ಹುಳುವಿನ ಮನೆಯೊಳಗಿಂದ ಅಮ್ಮ ಕೇಳಿಸಿಕೊಳ್ಳುತ್ತಾಳೆ, ರುಜು ಹಾಕುವ ಭಾರತಮ್ಮ ಎಂಬ ನಾಲ್ಕಕ್ಷರ ಬಿಟ್ಟರೆ ಅಮ್ಮನಿಗೆ ಓದು ಬಾರದು, ಆದರೆ ಪ್ರತಿ ಉತ್ತರಕ್ಕೂ ಗೋಡೆಯಾಚೆಯಿಂದ ಊಂ ಅನ್ನುತ್ತಾಳೆ, ಹುಡುಗಿ ಒಂದು ಸಾಲು ನುಂಗಿದರೂ ಹಿಡಿಯುತ್ತಾಳೆ, ನಿನ್ನೆ ಹೀಗಿರಲಿಲ್ವಲ್ಲೇ, ಮಧ್ಯದಲ್ಲಿ ಏನೋ ಇತ್ತು. ನಾಲ್ಕಕ್ಕೆ ಒಳಗೆ ಹೋಗುವಾಗಲೂ ಹೇಳಿದ್ದಳು, ಶ್ಯಾಮಲಾ ಜೋರಾಗಿ ಓದೇ, ಹುಳು ಸದ್ದಲ್ಲಿ ಕೇಳ್ಸಲ್ಲ. ಹುಳು ನಾಲ್ಕನೇ ಜ್ವರದಿಂದ, ಪೊರೆ ಬಿಡುವ ಕೊನೆಯ ನಿದ್ದೆಯಿಂದ, ಎದ್ದು ನಾಲ್ಕನೇ ದಿನ, ಬೆರಳು ದಪ್ಪ ಆಗಿವೆ, ಇಪ್ಪತ್ತೆರಡು ತಟ್ಟೆ, ಸೊಪ್ಪು ಹಾಕಿದರೆ ಸಾಕು ಮನೆಯೆಲ್ಲ ಜಡಿಮಳೆಯ ಸದ್ದು, ಒಂದು ಹುಳು ಎಲೆಯ ಅಂಚನ್ನು ಹಿಡಿದು ಮೇಲಿನಿಂದ ಕೆಳಕ್ಕೆ, ಮತ್ತೆ ಮೇಲಿನಿಂದ ಕೆಳಕ್ಕೆ, ಅರ್ಧಚಂದ್ರ ಕೊರೆಯುತ್ತ ಹೋಗುತ್ತದೆ, ಶ್ಯಾಮಲ ಅದರ ಚಿತ್ರ ನೋಟ್ ಪುಸ್ತಕದಲ್ಲಿ ಬರೆದಿದ್ದಾಳೆ, ಭಾಗಗಳನ್ನು ಗುರುತಿಸಿ, ವೆಂಕಟರಮಣಪ್ಪ ಮೇಷ್ಟ್ರು ಹತ್ತಕ್ಕೆ ಒಂಬತ್ತು ಕೊಟ್ಟರು, ಹುಳುವಿಗೆ ಮೂಗಿಲ್ಲ, ಪಕ್ಕೆಗಳಲ್ಲಿ ಒಂಬತ್ತೊಂಬತ್ತು ಉಸಿರುರಂಧ್ರ, ಅದಕ್ಕೆ ಅಮ್ಮ, ಮೂಗಿಲ್ವಂತಾ? ಮತ್ತೆ ಒಗ್ಗರಣೆ ಘಾಟಿಗೆ ಯಾಕೆ ತಲೆ ಎತ್ತುತ್ತವೆ, ಕೇಳೇ ನಿಮ್ಮ ಮೇಷ್ಟ್ರನ್ನ. ಮೇಷ್ಟ್ರು ಮೇಣದಬತ್ತಿ ಹಚ್ಚಿ ಮೇಲೆ ಗಾಜಿನ ಲೋಟ ಬೋರಲು ಹಾಕಿದ್ದು, ತರಗತಿ ಎಲ್ಲ ಎಣಿಸಿದ್ದು, ಹದಿನೇಳಕ್ಕೆ ಬತ್ತಿ ಕುಗ್ಗಿ ನೀಲಿಯಾಗಿ ಆರಿದ್ದು, ಅದನ್ನೂ ಹೇಳಿದಳು, ಅಮ್ಮ ನಕ್ಕಳು, ಬತ್ತಿ ಆರ್ಸೋಕೂ ಸಂಬಳಾನಾ, ನಾನು ಊದಿ ಆರಿಸ್ತಿದ್ನಲ್ಲೇ.

ಆ ನಗು ಐದಕ್ಕೆ ಮುಂಚೆ. ಆಮೇಲೆ ಊಂ ತಡವಾಗಿ ಬರತೊಡಗಿತು, ಒಂದು ಪ್ರಶ್ನೆಯ ಊಂ ಮುಂದಿನ ಪ್ರಶ್ನೆಯ ನಡುವೆ, ಐದೂಕಾಲಿಗೆ ಬಂದದ್ದೇ ಕೊನೆಯದು, ಅದೂ ಊಂ ಅಲ್ಲ, ತಲೆ ಸಿಡೀತಿದೆ ಕಣೇ, ನಿದ್ದೆಗೆಟ್ಟು, ನೀನು ಓದು. ಮೂರು ರಾತ್ರಿಯಿಂದ ಮಲಗಿಲ್ಲ, ಸರಿ. ಮೊನ್ನೆ ಸಂಜೆ ಆಲಿಕಲ್ಲು ಬಿತ್ತು, ಮಾರ್ಚ್ ಕೊನೆಯಲ್ಲಿ ಯಾರು ಕಂಡಿದ್ದರು, ಹಿಪ್ಪುನೇರಳೆ ತೋಟ ಜರಡಿಯಾಯಿತು, ಅಪ್ಪ ಸೊಪ್ಪಿಗೆ ಗಾಡಿ ಕಟ್ಟಿಕೊಂಡು ವಕ್ಕಲೇರಿ ಕಡೆ ಹೋದವನು ಇನ್ನೂ ಬಂದಿಲ್ಲ, ಹುಳುವಿನ ಮನೆಯೊಳಗೆ ಚಳಿ, ಎಪ್ಪತ್ತೈದು ಡಿಗ್ರಿ ಫ್ಯಾರನ್‌ಹೀಟಿಗಿಂತ ಕೆಳಗೆ ಇಳಿದರೆ ಹುಳು ಮೇಯುವುದಿಲ್ಲ, ಅಮ್ಮ ಎರಡು ಕುಂಪಟಿಗೆ ಇದ್ದಿಲು ತುಂಬಿ ಅಂಗಳದಲ್ಲೇ ಬೀಸಿ ಬೀಸಿ ಹೊಗೆಯೆಲ್ಲ ಹೋದಮೇಲೆ, ಕೆಂಡ ಕೆಂಪಗೆ ನಿಚ್ಚಳವಾದಮೇಲೆ ಒಳಗೆ ಒಯ್ದಳು, ಹೊಗೆ ಹುಳುವಿಗೆ ಆಗದು, ಅಷ್ಟು ಜೋಪಾನ. ಕುಂಪಟಿ ಇಡುವುದು ಹೊಸದಲ್ಲ, ಅಜ್ಜಿಯ ಕಾಲದಿಂದ ಇದೆ, ಯಾರಿಗೂ ಏನೂ ಆಗಿಲ್ಲ, ಆಗ ಸೂರಿನ ಕೆಳಗೆ ಎರಡು ಗವಾಕ್ಷಿ ತೆರೆದಿರುತ್ತಿದ್ದವು — ಈಗ ಎಂಬತ್ಮೂರನೇ ಇಸವಿ, ಊಜಿ ನೊಣ ಬಂದು ಮೂರು ವರ್ಷ, ಹುಳುವಿನ ಮೈಮೇಲೆ ಮೊಟ್ಟೆ ಇಡುತ್ತದೆ, ಮರಿ ಒಳಗಿಂದ ತಿಂದು ಗೂಡು ತೂತು ಮಾಡಿಕೊಂಡು ಬರುತ್ತದೆ, ಇಲಾಖೆಯ ಮುನಿಕೃಷ್ಣಪ್ಪ ಬಂದು ಕಿಟಕಿಗೆ ಜಾಲರಿ ಹೊಡೆಸಿ ಅಂದರು, ಜಾಲರಿ ಮುಂದಿನ ಬೆಳೆಗೆ ನೋಡೋಣ ಅಂತ ಅಪ್ಪ ಗೊಬ್ಬರದ ಚೀಲ ಹೊಡೆದ, ಪ್ಲಾಸ್ಟಿಕ್ ಒಳಪದರ ಇರುವ ಚೀಲ, ಗವಾಕ್ಷಿಗೂ ಅದೇ, ಬಾಗಿಲ ಸಂದಿಗೆ ಒದ್ದೆ ಗೋಣಿ, ಒಂದು ನೊಣ ನುಸುಳಲಿ ನೋಡೋಣ, ಅಂದ.

ನಾಲ್ಕನೆಯ ಪ್ರಶ್ನೆ, ಕಬ್ಬಿಣ ತುಕ್ಕು ಹಿಡಿಯುವುದೂ ನಿಧಾನ ದಹನವೇ, ವಿವರಿಸಿ — ಓದಿದಳು, ಕಾದಳು, ಅಮ್ಮಾ? ಕೇಳಿಸ್ತಾ? ಜಗಲಿಯ ಮೇಲೆ ಅಜ್ಜಿ ಮುತ್ಯಾಲಮ್ಮ ಎಲೆಅಡಿಕೆ ಕುಟ್ಟುವುದನ್ನು ನಿಲ್ಲಿಸಿ, ಏಮೇ, ಯಾಕೇ ಕೂಗ್ತೀಯ? ಅಜ್ಜಿ, ಅಮ್ಮ ಮಾತಾಡ್ತಿಲ್ಲ, ಒಂದು ಸಲ ಹೋಗಿ ನೋಡು. ನಾನಿನ್ನೂ ಸ್ನಾನ ಮಾಡಿಲ್ಲ, ಒಳಗೆ ಹೆಂಗೆ ಕಾಲಿಡ್ಲಿ, ಮಲ್ಗಿರ್ತಾಳೆ ಬಿಡು ಪಾಪ, ಹುಳು ಮೇಯೋದು ಕೇಳ್ಸಲ್ವಾ ನಿಂಗೆ, ಹುಳುಗಳು ಚೆನ್ನಾಗಿದ್ರೆ ಅವ್ಳೂ ಚೆನ್ನಾಗಿದಾಳೆ. ಕೇಳಿಸುತ್ತಿತ್ತು, ನಿಜ, ಜಡಿಮಳೆ ಸ್ವಲ್ಪ ತೆಳುವಾಗಿದೆ, ಆದರೂ ಮಳೆಯೇ, ಸಾವಿರಾರು ಬಾಯಿ ಅಂಚಿನಿಂದ ಅರ್ಧಚಂದ್ರ ಕೊರೆಯುತ್ತಿವೆ — ಒಂದು ಪುಟ ತಿರುವಿದಳು, ಐದು ಐವತ್ತೆರಡು. ಹೋದ ಬೆಳೆಯಲ್ಲಿ ಮುಟ್ಟಿನ ದಿನಗಳಲ್ಲೇ ಅವಳು ತಿಳಿಯದೆ ಸೊಪ್ಪಿನ ಬುಟ್ಟಿ ಒಳಗಿಟ್ಟು ಬಂದಿದ್ದಳು, ಐದನೇ ದಿನಕ್ಕೆ ಹಾಲುತೊಂಡೆ ರೋಗ, ಹುಳು ಊದಿ ಒಡೆದು ಬಿಳಿ ನೀರು, ತಟ್ಟೆ ತಟ್ಟೆ ತಿಪ್ಪೆಗೆ, ಅದು ರೋಗಾಣುವಿನಿಂದ ಬರೋದು, ಪುಸ್ತಕದಲ್ಲಿದೆ ಅಂತ ಇವಳು ಅಂದಿದ್ದಕ್ಕೆ ಅಜ್ಜಿ, ನಿನ್ ಪುಸ್ತಕಕ್ಕೆ ಬೆಂಕಿ ಹಾಕ, ಮನೆ ಅನ್ನ ತೆಗೆದ್ಯಲ್ಲೇ, ಊರಿಗೆಲ್ಲ ಕೇಳುವ ಹಾಗೆ, ಆವತ್ತು ಅಮ್ಮ ತಟ್ಟೆ ತೊಳೆಯುತ್ತ ಕೂತಿದ್ದಳು, ಆಮೇಲೆ ಮೆಲ್ಲಗೆ, ಈ ಬೆಳೆಗೆ ಮಾತ್ರ ಅಂಗಳ ದಾಟಬೇಡ ಕಣೇ, ನಂಗೋಸ್ಕರ. ದಾಟುವುದಿಲ್ಲ ಅಂತ ಕೈ ಮೇಲೆ ಕೈ ಇಟ್ಟಿದ್ದಳು.

ಐದನೆಯ ಪ್ರಶ್ನೆ. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿಸಿಕೊಂಡು ಮಲಗಬಾರದು, ಏಕೆ? ಎರಡು ಅಂಕ. ಬಾಯಿಪಾಠ, ಕಣ್ಣು ಮುಚ್ಚಿ ಹೇಳಬಲ್ಲಳು, ಗಾಳಿಯ ಕೊರತೆಯಿಂದ ಇದ್ದಿಲು ಪೂರ್ಣವಾಗಿ ಉರಿಯದೆ ಇಂಗಾಲದ ಮಾನಾಕ್ಸೈಡ್ ಎಂಬ ಅನಿಲ ಹುಟ್ಟುತ್ತದೆ, ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ — ವಾಸನೆಯಿಲ್ಲ, ಹೊಗೆ ಇಲ್ಲ, ನಿಚ್ಚಳ ಕೆಂಡ — ರಕ್ತದ ಕೆಂಪು ಕಣಗಳೊಡನೆ ಸೇರಿ ಆಮ್ಲಜನಕಕ್ಕೆ ಎಡೆ ಇಲ್ಲದಂತೆ ಮಾಡುತ್ತದೆ, ಮೊದಲು ತಲೆನೋವು, ತಲೆ ಸಿಡೀತಿದೆ ಕಣೇ, ಆಮೇಲೆ ಮಂಪರು, ನಿದ್ದೆಗೆಟ್ಟು, ನೀನು ಓದು, ಆದರೆ ಹುಳು ಮೇಯುತ್ತಿವೆಯಲ್ಲ, ಅದೇ ಗಾಳಿಯಲ್ಲಿ ಹುಳುವೂ ಇದೆಯಲ್ಲ, ಹುಳುಗಳು ಚೆನ್ನಾಗಿದ್ರೆ — ಕೈ ತಾನಾಗಿ ಹಿಂದಿನ ಪಾಠಕ್ಕೆ ಹೋಯಿತು, ತಾನೇ ಬರೆದ ಚಿತ್ರ, ಅಂಚಿನಿಂದ ಅರ್ಧಚಂದ್ರ, ಚಿತ್ರದ ಕೆಳಗೆ ತನ್ನದೇ ಅಕ್ಷರ, ಕೀಟಗಳ ರಕ್ತದಲ್ಲಿ ಕೆಂಪು ಕಣಗಳಿಲ್ಲ. ಕೆಂಪು ಕಣಗಳಿಲ್ಲ. ಲಾಟೀನು ಉರುಳಿತು, ಹಸು ಬೆಚ್ಚಿತು, ಅಂಗಳದ ಕೆಸರು ಕಾಲಿಗೆ ತಣ್ಣಗೆ, ಲೇ, ಲೇ ಶ್ಯಾಮಲಾ, ಎಲ್ಲಿಗೇ, ಅಯ್ಯೋ ಬೆಳೆ ಹೋಯ್ತಲ್ಲೇ, ನಿಲ್ಲೇ, ಬಾಗಿಲಿಗೆ ಅಗುಳಿ ಇರಲಿಲ್ಲ, ಒಳಗೆ ತುರುಕಿದ ಗೋಣಿ ಮಾತ್ರ, ಹೆಗಲು ಕೊಟ್ಟಳು, ಒಂದು ಸಲ, ಎರಡು ಸಲ, ಮೂರನೆಯದಕ್ಕೆ ಬಾಗಿಲು ಗೋಣಿಯನ್ನು ದಬ್ಬಿಕೊಂಡು ಸರಿಯಿತು, ಬೆಚ್ಚನೆಯ ಗಾಳಿ ಮುಖಕ್ಕೆ, ಸೊಪ್ಪಿನ ವಾಸನೆ, ಬೇರೆ ಯಾವ ವಾಸನೆಯೂ ಇಲ್ಲ, ಮೂಲೆಯಲ್ಲಿ ಎರಡು ಕೆಂಪು, ಮಳೆಯ ಸದ್ದು, ತಟ್ಟೆಗಳ ಮುಂದೆ ಅಮ್ಮ ಗೋಡೆಗೊರಗಿ ಕೂತಿದ್ದಾಳೆ, ಮುಖ ಈ ಕಡೆಗೆ, ಪಾಠ ಕೇಳುವ ಕಡೆಗೆ, ಕೆನ್ನೆ ಎಂದೂ ಇಲ್ಲದಷ್ಟು ಕೆಂಪು, ಚೆನ್ನಾಗಿ ನಿದ್ದೆ ಮಾಡಿದವಳ ಹಾಗೆ, ಅಮ್ಮಾ, ಅಮ್ಮಾ, ಊಂ ಅನ್ನಮ್ಮ, ಇವಳು ಎತ್ತಿದ ಅಮ್ಮನ ಕೈ ಎತ್ತಿದಲ್ಲಿಂದ ಜಾರಿತು, ಇನ್ನೊಂದು ಕೈ ತಟ್ಟೆಯೊಳಗೆ ಇತ್ತು, ಅದರ ಮುಷ್ಟಿಯಲ್ಲಿ ಹಾಕದೆ ಉಳಿದ ಒಂದು ಎಲೆ, ಆ ಎಲೆಯ ಅಂಚು ಹಿಡಿದು ಒಂದು ಹುಳು, ಮೇಲಿನಿಂದ ಕೆಳಕ್ಕೆ, ಮತ್ತೆ ಮೇಲಿನಿಂದ ಕೆಳಕ್ಕೆ, ಮತ್ತೆ ಮೇಲಿನಿಂದ —

ಭಾರತಮ್ಮನನ್ನು ಮಣ್ಣು ಮಾಡಿದ ಮೂರನೇ ದಿನ ಇಪ್ಪತ್ತೆರಡು ತಟ್ಟೆಯ ಹುಳುಗಳೂ ಹಣ್ಣಾಗಿ ಗೂಡು ಕಟ್ಟಿದವು. ಹಾಲುತೊಂಡೆ ಬರಲಿಲ್ಲ, ಒಂದು ಹುಳುವಿಗೂ ಊಜಿ ತಗುಲಿರಲಿಲ್ಲ.