ಬೆಂಕಿಗೆ ಕೊಟ್ಟ ನಂಬರು

ಹೇಮಾವತಿಗೆ ಸೋಲು ಹೊಸದಲ್ಲ, ಸೋಲಿಗೆ ಹೆದರುವುದು ಮಾತ್ರ ಗೊತ್ತಿಲ್ಲ. ಚಿತ್ರದುರ್ಗದ ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುತ್ತಲೇ ಎರಡು ವರ್ಷದಿಂದ ಒಂದೇ ಹಟ ಹಿಡಿದಿದ್ದಳು. ಕಬ್ಬಿಣ, ನಿಕ್ಕಲ್, ಕ್ರೋಮಿಯಂ, ಕೋಬಾಲ್ಟ್, ಮ್ಯಾಂಗನೀಸ್ ಐದನ್ನೂ ಸಮಪಾಲು ಬೆರೆಸಿ ವೆಲ್ಡಿಂಗ್ ರಾಡ್ ಮಾಡಬೇಕು. ಅದನ್ನು ಪದರದ ಮೇಲೆ ಪದರ ಕರಗಿಸಿ, ಅಚ್ಚಿಲ್ಲದೆ ಲೋಹದ ಒಂದು ಗಟ್ಟಿ ಕಟ್ಟಬೇಕು. ಅದು ಒಂಬೈನೂರು ಡಿಗ್ರಿಯ ಕುಲುಮೆಯಲ್ಲಿ ಒಂದು ದಿನ ಬಾಳಬೇಕು. ಮೂರು ಗಟ್ಟಿಗಳು ಕುಲುಮೆಯ ಮುಖ ನೋಡುವ ಮೊದಲೇ ಬಿರುಕು ಬಿಟ್ಟವು. ನಾಲ್ಕನೆಯದೂ ಹಾಗೇ ಆದರೆ ಈ ಕೆಲಸ ಸಾಕು ಎಂದು ಪ್ರಿನ್ಸಿಪಾಲರು ಹೇಳಿಬಿಟ್ಟರು. 2008ರ ಬೇಸಿಗೆಯ ಮಾತು ಇದು.

ಅವಳು ಬಸ್ಸು ಹತ್ತಿ ಚಿಕ್ಕಜಾಜೂರಿಗೆ ಹೋದಳು. ಸವೆದ ಹಳಿಗೆ ಪದರಪದರವಾಗಿ ವೆಲ್ಡಿಂಗ್ ತುಂಬುತ್ತ ಮೂವತ್ತು ವರ್ಷ ರೈಲ್ವೆಯಲ್ಲಿ ದುಡಿದು ನಿವೃತ್ತನಾದ ಓಬಯ್ಯ ಅಲ್ಲಿದ್ದ. ಇಷ್ಟು ಓದಿ ಹಳಿ ರಿಪೇರಿಯವನ ಮನೆ ಬಾಗಿಲಿಗೆ ಹೋಗೋದಾ, ನಗುವವರ ಮುಂದೆ ಎಡವಿ ಬಿದ್ದ ಹಾಗಾಗುತ್ತೆ ಎಂದಿದ್ದರು ಜೊತೆಯವರು. ನಗಲಿ ಬಿಡಿ, ಅವರ ಕೈಯಲ್ಲಿ ಒಂದು ಮೊಳೆಯೂ ನೆಟ್ಟಗೆ ಇಳಿದದ್ದಿಲ್ಲ ಎಂದಿದ್ದಳು ಅವಳು.

ಒಡೆದ ಗಟ್ಟಿಯನ್ನು ಹೊರಳಿಸಿ ನೋಡಿದ ಓಬಯ್ಯ, ಇದು ಲೋಹದ ತಪ್ಪಲ್ಲ, ಅವಸರದ ತಪ್ಪು ಎಂದ. ಮರುದಿನವೇ ಕಾಲೇಜಿಗೆ ಬಂದು ಅವಳ ಪಕ್ಕ ಕುಂತ. ಕೆಲಸವೆಲ್ಲ ಅವಳ ಕೈಯಲ್ಲೇ ಮಾಡಿಸಿದ. ಒಂದು ಪದರ ಹಾಕುವುದು, ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟುವುದು, ಕೈ ತಾಳುವಷ್ಟು ಆರಲು ಬಿಡುವುದು, ಆಮೇಲೆ ಇನ್ನೊಂದು. ಮೂರು ದಿನಕ್ಕೆ ಗಟ್ಟಿ ಎದ್ದು ನಿಂತಿತು. ಭೂತಗನ್ನಡಿ ಹಿಡಿದರೂ ಬಿರುಕಿಲ್ಲ.

ಅದನ್ನು ಕುಲುಮೆಗೆ ಇಡುವಾಗ ಓಬಯ್ಯ ತಡೆದ. ರೈಲ್ವೆಯಲ್ಲಿ ವೆಲ್ಡರು ತನ್ನ ಕೆಲಸದ ಪಕ್ಕ ತನ್ನ ನಂಬರು ಒತ್ತಬೇಕು. ಮುರಿದರೆ ಯಾರ ಕೈ ಎಂದು ತಿಳಿಯಬೇಕಲ್ಲ. ಹೋಲಿಕೆಗೆಂದು ಅವಳು ಇಟ್ಟಿದ್ದ ಹಳಿಯ ಉಕ್ಕಿನ ತುಂಡಿಗೆ ತನ್ನ 37 ಹೊಡೆದು, ಅಂಕಿ ಒತ್ತುವ ಪಂಚುಗಳನ್ನು ಅವಳ ಮುಂದೆ ಚಾಚಿದ. ಪರೀಕ್ಷೆ ಮುಗಿಯಲಿ ಎಂದಳು ಹೇಮಾವತಿ.

"ಗೆದ್ದ ಮ್ಯಾಲೆ ಯಾರು ಬೇಕಾದ್ರೂ ಹೊಡೀತಾರೆ ಮೇಡಂ. ಈಗ ಹೊಡೀರಿ."

ಅವಳಿಗೆ ನಂಬರೇ ಇರಲಿಲ್ಲ. 1 ಎಂದು ಹೊಡೆದಳು. ಗಟ್ಟಿ, ಉಕ್ಕಿನ ತುಂಡು ಎರಡೂ ಕುಲುಮೆಗೆ ಹೋದವು.

ಮರುದಿನ ಪ್ರಿನ್ಸಿಪಾಲರ ಎದುರೇ ಎರಡನ್ನೂ ಹೊರಗೆ ತೆಗೆದು ಆರಿಸಿದರು. ಉಕ್ಕಿನ ಮೈ ಚಕ್ಕೆಚಕ್ಕೆಯಾಗಿ ಉದುರಿ, 37 ಇದ್ದ ಜಾಗ ಬೋಳಾಗಿತ್ತು. ಗಟ್ಟಿ ಕಪ್ಪಗಾಗಿತ್ತು, ಅಷ್ಟೆ. 1 ಇದ್ದಲ್ಲೇ ಇತ್ತು.

ಓಬಯ್ಯ ಅದರ ಮೇಲೆ ಹೆಬ್ಬೆರಳು ಆಡಿಸಿದ. ಹೇಮಾವತಿಗೆ ಗೆದ್ದ ಖುಷಿಗಿಂತ ಅವನ ಮುಖ ನೋಡುವ ಸಂಕೋಚವೇ ಹೆಚ್ಚಾಯಿತು.

"ನಂದು ಹೋತು," ಎಂದ ಅವನು, ಮಗಳು ಪಾಸಾದಷ್ಟು ಸಂತೋಷದಿಂದ. "ನಿಮ್ದು ಐತೆ."

ಪಂಚುಗಳನ್ನು ಅವಳ ಮೇಜಿನ ಮೇಲೇ ಬಿಟ್ಟು, ಚಿಕ್ಕಜಾಜೂರಿನ ಬಸ್ಸಿಗೆ ಹೊರಟ.