ಅಳೆದಿಟ್ಟ ನೀರು

ಮಗಳಿಗೆ ಎಂಟು ವರ್ಷವಾಗಿದ್ದಾಗ, ಆಸ್ಪತ್ರೆಯ ಮಂಚದ ಮೇಲೆ ಅವಳನ್ನು ತೊಡೆಗೆ ಒರಗಿಸಿಕೊಂಡು ಅಮ್ಮ ಒಂದು ಮಾತು ಕೊಟ್ಟಿದ್ದಳು. ಹುಟ್ಟಿನಿಂದಲೇ ಸಣ್ಣಗಿದ್ದ ಎರಡು ಕಿಡ್ನಿಗಳೂ ಒಂದಲ್ಲ ಒಂದು ದಿನ ನಿಂತುಹೋಗುತ್ತವೆ ಎಂದು ಡಾಕ್ಟರು ಹುಡುಗಿಯ ಎದುರಿಗೇ ಹೇಳಿ ಹೋಗಿದ್ದರು. ಹುಡುಗಿ ಅಳಲಿಲ್ಲ. ಆಮೇಲೇನು ಎಂದು ಕೇಳಿದಳು. ಅಮ್ಮ ಸಿಟಿ ಬಸ್ಸಿನ ಡ್ರೈವರು, ಅವಳ ಬಾಯಿಗೆ ಬಂದದ್ದು ಬಸ್ಸಿನ ಮಾತೇ.

"ನಂದು ಒಂದು ನಿಂಗೆ. ಎರಡಿದೆಯಲ್ಲ, ಒಂದು ಸ್ಟೆಪ್ನಿ. ನಿಂದು ಪಂಕ್ಚರ್ ಆದ ದಿನ ಬಿಚ್ಚಿ ಹಾಕೋದೇ."

ಆ ದಿನ ಬರಲು ಹದಿಮೂರು ವರ್ಷ ಹಿಡಿಯಿತು. ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ಗಂಟೆ, ಮಗಳು ಡಯಾಲಿಸಿಸ್ ಯಂತ್ರಕ್ಕೆ ತೋಳು ಕೊಟ್ಟು ಮಲಗಬೇಕಾಯಿತು. ಕುಡಿಯುವ ನೀರಿಗೂ ಕಟ್ಟು ಬಿತ್ತು. ದಿನಕ್ಕೆ ಮುಕ್ಕಾಲು ಲೀಟರು, ಕಾಫಿಯೂ ಅದರಲ್ಲೇ ಲೆಕ್ಕ. ಬೆಳಿಗ್ಗೆ ಎದ್ದವಳೇ ಬಾಟಲಿಗೆ ಅಳೆದು ತುಂಬಿ ಅಡುಗೆಮನೆಯ ಕಟ್ಟೆಯ ಮೇಲಿಟ್ಟುಕೊಳ್ಳುವಳು. ಬಾಟಲಿಯ ಮೈಮೇಲೆ ಪೆನ್ನಿನಲ್ಲಿ ಗೀಟು ಎಳೆದಿದ್ದಳು: ಇಲ್ಲಿಗೆ ಮಧ್ಯಾಹ್ನ, ಇಲ್ಲಿಗೆ ಸಂಜೆ.

ಸ್ಟೆಪ್ನಿ ಕೊಡುತ್ತೇನೆಂದು ಅಮ್ಮ ಹೋದಳು. ರಕ್ತ ಹೊಂದಿತು, ಹೃದಯ ಗಟ್ಟಿ, ಸಕ್ಕರೆ ಇಲ್ಲ. ತೂಕದ ಯಂತ್ರದ ಮುಂದೆ ಮಾತ್ರ ಸರ್ಜನ್ನು ತಲೆಯಾಡಿಸಿದರು. ನೂರಾ ನಾಲ್ಕು ಕೆಜಿ. ಇಪ್ಪತ್ತೆರಡು ವರ್ಷ ಸೀಟಿನಲ್ಲಿ ಕೂತು ಕೂಡಿಸಿಟ್ಟ ಆಸ್ತಿ. ಎಂಬತ್ತೈದಕ್ಕೆ ಇಳಿದು ಬನ್ನಿ, ಅಲ್ಲಿಯವರೆಗೆ ಚಾಕು ಮುಟ್ಟಲಾರೆ ಎಂದರು.

ಹಾಗಾಗಿ ಹಸಿವು ತಗ್ಗಿಸಿ ತೂಕ ಇಳಿಸುವ ಇಂಜೆಕ್ಷನ್ನು, ವಾರಕ್ಕೊಂದರಂತೆ, ಶುರುವಾಯಿತು. ಹೊಟ್ಟೆಯ ಚರ್ಮ ಹಿಡಿದು ತಾನೇ ಚುಚ್ಚಿಕೊಳ್ಳಬೇಕು, ನಾಲ್ಕು ವಾರಕ್ಕೊಮ್ಮೆ ಡೋಸು ಒಂದು ಮೆಟ್ಟಿಲು ಏರಬೇಕು. ಕ್ಲಿನಿಕ್ಕಿನ ನರ್ಸು ಕೂರಿಸಿಕೊಂಡು ಎಲ್ಲ ಹೇಳಿದ್ದಳು. ಡೋಸು ಏರಿದ ವಾರ ಹೊಟ್ಟೆ ತೊಳಸುತ್ತದೆ, ಸ್ವಲ್ಪ ಸ್ವಲ್ಪವೇ ತಿನ್ನಿ, ಕರಿದದ್ದು ಬಿಡಿ, ಸಾಕೆನಿಸಿದ ಕ್ಷಣ ತಟ್ಟೆ ಬಿಟ್ಟು ಏಳಿ. ಎಲ್ಲಕ್ಕಿಂತ ಮುಖ್ಯ ನೀರು, ಗುಟುಕು ಗುಟುಕಾಗಿ ದಿನವಿಡೀ. ವಾಂತಿ ನಿಲ್ಲದಿದ್ದರೆ, ಮೂತ್ರ ಕಡಿಮೆಯಾದರೆ ಫೋನು ಮಾಡಿ, ಮುಂದಿನ ಮೆಟ್ಟಿಲು ಹತ್ತಬೇಡಿ.

"ಒಂದೇ ಡೋಸಲ್ಲಿ ಎರಡು ತಿಂಗಳು ನಿಂತರೂ ಪರವಾಗಿಲ್ಲ. ನಿಂತು ಉಸಿರು ತಗೊಳ್ಳೋದು ಸೋಲಲ್ಲ," ಎಂದಿದ್ದಳು ನರ್ಸು.

ಪರವಾಗಿಲ್ಲ ಎನ್ನುವವರ ಮಗಳು ಯಂತ್ರದ ಪಕ್ಕ ಮಲಗಿರಲಿಲ್ಲ. ಒಂದು ತಿಂಗಳು ನಿಂತರೆ ಮಗಳ ತೋಳಿಗೆ ಇನ್ನು ಹದಿಮೂರು ಸಲ ದಪ್ಪ ಸೂಜಿ ಎಂದಷ್ಟೇ ಅಮ್ಮನ ತಲೆಗೆ ಹೋಯಿತು.

ಮೊದಲೆರಡು ಮೆಟ್ಟಿಲು ಹೂವೆತ್ತಿದಂತೆ ಸಾಗಿದವು. ಮೂರನೆಯದಕ್ಕೆ ಕರುಳು ತಿರುಗಿಬಿತ್ತು. ಡೀಸೆಲ್ಲಿನ ಹೊಗೆ, ಯಾರೋ ಬಿಚ್ಚಿದ ಮೊಟ್ಟೆಯ ಡಬ್ಬಿ, ಹಿಂದಿನ ಸೀಟಿನ ಅತ್ತರು, ಎಲ್ಲವೂ ಗಂಟಲಿಗೇ ಬಂದು ಕೂರುತ್ತಿದ್ದವು. ಹ್ಯಾಂಡ್‌ಬ್ರೇಕಿಗೆ ಒಂದು ಪ್ಲಾಸ್ಟಿಕ್ ಚೀಲ ನೇತುಹಾಕಿಕೊಂಡಳು. ಸಿಗ್ನಲ್ಲಿನ ಕೆಂಪು ದೀಪದಲ್ಲಿ ವಾಂತಿ ಮಾಡಿ, ಹಸಿರಿಗೆ ಬಾಯಿ ಒರೆಸಿ ಗೇರು ಹಾಕುವುದನ್ನು ಕಲಿತಳು. ಡಿಪೋದ ಮೆಕ್ಯಾನಿಕ್ಕು, ಅಕ್ಕ ಇಳೀತಾ ಇದ್ದಾರೆ, ಇನ್ನು ಸೀಟಿಗೆ ಸ್ಪ್ರಿಂಗೇ ಬೇಡ ಎಂದು ನಗಾಡಿದ. ಅವಳ ಒಡಹುಟ್ಟಿದ ಅಕ್ಕ ಫೋನಿನಲ್ಲಿ, ಈ ವಯಸ್ಸಲ್ಲಿ ಯಾರಿಗೆ ತೋರಿಸೋಕೆ ಈ ಸೊಂಟ ಎಂದು ಕುಟುಕಿದಳು. ಅಮ್ಮ ಯಾರಿಗೂ ಬಾಯಿ ಬಿಡಲಿಲ್ಲ. ವಿಷಯ ಬಾಯಿಂದ ಬಾಯಿಗೆ ಹೋಗಿ ನರ್ಸಿನ ಕಿವಿ ಮುಟ್ಟಿದರೆ ಮೆಟ್ಟಿಲಿಗೆ ಬೀಗ ಬೀಳುತ್ತದೆ.

ಇನ್ನು ನೀರು. ಆ ಡಿಪೋದ ಹೆಣ್ಣು ಡ್ರೈವರುಗಳಿಗೆ ಬರೆಯದ ಒಂದು ಕಾನೂನಿತ್ತು: ಕೊನೆಯ ಟ್ರಿಪ್ಪಿನವರೆಗೆ ಗಂಟಲು ಒಣಗಿದ್ದರೇ ಕ್ಷೇಮ. ಟರ್ಮಿನಸ್ಸಿನ ಶೌಚಾಲಯದ ಕೀಲಿ ಟೈಮ್‌ಕೀಪರನ ಮೇಜಿನಲ್ಲಿರುತ್ತಿತ್ತು. ಕೇಳಿದರೆ ನಾಲ್ಕು ಜನರೆದುರು "ಮತ್ತೆ ಬೇಕಾ?" ಎನ್ನುವನು, ಏಳು ನಿಮಿಷದ ಬಿಡುವಿನಲ್ಲಿ ಮೂರು ನಿಮಿಷ ಕೀಲಿ ಹುಡುಕುವನು. ಇಪ್ಪತ್ತೆರಡು ವರ್ಷದಲ್ಲಿ ಬಾಯಾರಿಕೆ ಅವಳಿಗೆ ಸಮವಸ್ತ್ರದಂತೆ ಮೈಗೆ ಹೊಂದಿಹೋಗಿತ್ತು.

ಮನೆಗೆ ಬಂದರೆ ಕಟ್ಟೆಯ ಮೇಲೆ ಗೀಟೆಳೆದ ಬಾಟಲಿ. ಮಗಳು ಒಂದು ಗುಟುಕು ಬಾಯಲ್ಲಿಟ್ಟುಕೊಂಡು, ಅದನ್ನು ಕೆನ್ನೆಯಿಂದ ಕೆನ್ನೆಗೆ ಆಡಿಸಿ, ನುಂಗಲು ಮನಸ್ಸು ಬಾರದೆ ಕೂತಿರುವಳು. ಅವಳೆದುರು ಗಟಗಟ ಕುಡಿಯಲು ಯಾವ ತಾಯಿಯ ಗಂಟಲು ತೆರೆದೀತು? ಮೊದಮೊದಲು ಬಚ್ಚಲಲ್ಲಿ ನಲ್ಲಿಯ ಸದ್ದು ಮಾಡದೆ ಕುಡಿಯುತ್ತಿದ್ದಳು. ಆಮೇಲೆ ಕುಡಿದದ್ದೂ ವಾಪಸು ಬರತೊಡಗಿ, ಅದನ್ನೂ ಬಿಟ್ಟಳು. ತಲೆ ಸಿಡಿಯುತ್ತಿತ್ತು. ಬೆನ್ನುನೋವಿಗೆಂದು ಇಟ್ಟಿದ್ದ ಮಾತ್ರೆಗಳನ್ನು ಬೆಳಿಗ್ಗೆ ಒಂದು, ಸಂಜೆ ಒಂದು ನುಂಗಿದಳು.

ಪ್ರತಿ ಮೆಟ್ಟಿಲಿಗೆ ಮುಂಚೆ ನರ್ಸು ಫೋನು ಮಾಡುತ್ತಿದ್ದಳು.

"ವಾಂತಿ?"

"ಇಲ್ಲಮ್ಮ."

"ನೀರು?"

"ಧಾರಾಳ."

"ಬೇರೆ ಮಾತ್ರೆ ಏನಾದ್ರೂ?"

"ಏನಿಲ್ಲ."

ಬಸ್ಸಿನ ಸೀಟಿನಲ್ಲೇ ಕೂತು ಈ ಮಾತಾಡುವಾಗ ಅಮ್ಮನ ತಲೆಯ ಮೇಲೆ, ಕನ್ನಡಿಯ ಪಕ್ಕದಲ್ಲಿ, ಅವಸರವೇ ಅಪಘಾತಕ್ಕೆ ಕಾರಣ ಎಂದು ಬಣ್ಣದಲ್ಲಿ ಬರೆದಿತ್ತು. ಇಪ್ಪತ್ತೆರಡು ವರ್ಷ ಆ ಬೋರ್ಡಿನ ಕೆಳಗೆ ಕೂತು ಒಬ್ಬ ಸೈಕಲ್ಲಿನವನಿಗೂ ತರಚು ಗಾಯ ಮಾಡದವಳು ಅವಳು.

ನಾಲ್ಕನೆಯ ಮೆಟ್ಟಿಲಿನ ಎರಡನೆಯ ವಾರ, ಮಧ್ಯಾಹ್ನದ ಟ್ರಿಪ್ಪು ಮುಗಿಸಿ ಬಸ್ಸನ್ನು ಗೆರೆಯೊಳಗೆ ಅಚ್ಚುಕಟ್ಟಾಗಿ ನಿಲ್ಲಿಸಿ ಬ್ರೇಕು ಎಳೆದಳು. ಏಳಲು ನೋಡಿದರೆ ಕಾಲು ಅವಳ ಮಾತು ಕೇಳಲಿಲ್ಲ. ಹಿಂದಿನ ದಿನದಿಂದ ಮೂತ್ರವೇ ಬಂದಿಲ್ಲ ಎಂಬುದು ಆಗ ನೆನಪಾಯಿತು. ಕಂಡಕ್ಟರು ಮತ್ತು ಅದೇ ಟೈಮ್‌ಕೀಪರು ಸೇರಿ ಅವಳನ್ನು ಇಳಿಸಿದರು.

ಐದು ದಿನ ಡ್ರಿಪ್ಪು ಹಾಕಿದರು. ಇಂಜೆಕ್ಷನ್ನು ನಿಂತಿತು, ನೋವಿನ ಮಾತ್ರೆ ನಿಂತಿತು. ನರ್ಸು ಬಂದು ಮಂಚದ ಬದಿಯಲ್ಲಿ ನಿಂತಳು, ಬೈಯಲಿಲ್ಲ. ತನ್ನ ಹಾಳೆಯಲ್ಲಿ ನಾಲ್ಕು ತಿಂಗಳಿಂದ ಬರೆದುಕೊಂಡಿದ್ದ 'ಇಲ್ಲ', 'ಧಾರಾಳ', 'ಏನಿಲ್ಲ'ಗಳನ್ನು ಒಂದೊಂದಾಗಿ ನೋಡಿ, ನಾನು ನಂಬಿದೆನಲ್ಲ ಎಂದಷ್ಟೇ ಹೇಳಿ ಹೋದಳು.

ಮೂರು ತಿಂಗಳು ಕಾದು, ಎರಡು ಸಲ ಪರೀಕ್ಷೆ ಮಾಡಿದ ಮೇಲೆ ಸರ್ಜನ್ನು ತಾಯಿ ಮಗಳಿಬ್ಬರನ್ನೂ ಕರೆಸಿದರು. ತೂಕ ಎಂಬತ್ತಮೂರು, ಬೇಕಾದ್ದಕ್ಕಿಂತ ಎರಡು ಕಡಿಮೆಯೇ. ಆದರೆ ನೀರಿಲ್ಲದೆ ಒಣಗಿ, ಮಾತ್ರೆಯ ಏಟು ತಿಂದ ಕಿಡ್ನಿಗಳು ಪೂರ್ತಿ ಚೇತರಿಸಿಕೊಂಡಿರಲಿಲ್ಲ. ಎರಡೂ ಸೇರಿ ಅವಳೊಬ್ಬಳ ಸಂಸಾರ ತೂಗಿಸಬಲ್ಲವು, ಒಂದನ್ನು ತೆಗೆದರೆ ಇನ್ನೊಂದಕ್ಕೆ ಆಗದು. ದಾನಿಯಾಗಿ ತೆಗೆದುಕೊಳ್ಳುವಂತಿಲ್ಲ, ಇನ್ನೊಂದು ವರ್ಷ ಬಿಟ್ಟರೂ ಇಲ್ಲ ಎಂದರು. ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ.

ಹೊರಗೆ ಕಾರಿಡಾರಿನ ಬೆಂಚಿನ ಮೇಲೆ ಕೂತು ಮಗಳು ಕೇಳಿದಳು.

"ನನ್ನ ಮುಂದೆ ನೀರು ಕುಡೀಬೇಡ ಅಂತ ನಾನು ಯಾವತ್ತಾದ್ರೂ ಹೇಳಿದ್ನಾ ಅಮ್ಮ?"

"ನಿಂಗೆ ಆಸೆ ಆಗುತ್ತೆ ಅಂತ..."

"ನಂಗೆ ನಿನ್ನ ಕಿಡ್ನಿ ಆಸೆ ಇತ್ತು."

ಮಗಳು ಎದ್ದು ಮುಂದೆ ನಡೆದಳು, ಅವತ್ತು ಅವಳಿಗೆ ಎರಡು ಗಂಟೆಗೆ ಯಂತ್ರವಿತ್ತು.

ಈಗ ಕಟ್ಟೆಯ ಮೇಲೆ ಎರಡು ಬಾಟಲಿಗಳಿವೆ. ಎರಡನೆಯದು ಅಮ್ಮನದು, ಡಾಕ್ಟರು ಬರೆದುಕೊಟ್ಟಂತೆ ದಿನಕ್ಕೆ ಎರಡೂವರೆ ಲೀಟರು. ಅದಕ್ಕೂ ಮಗಳೇ ಗೀಟು ಎಳೆದಿದ್ದಾಳೆ, ಎದುರಿಗೇ ಕೂತು ಕುಡಿಸುತ್ತಾಳೆ. ಟೈಮ್‌ಕೀಪರು ಶೌಚಾಲಯದ ಕೀಲಿಯನ್ನು ಹೊರಗೆ ಮೊಳೆಗೆ ನೇತುಹಾಕಿದ್ದಾನೆ. ಅಪರಿಚಿತರ ಕಿಡ್ನಿಗಾಗಿ ಕಾಯುವವರ ಪಟ್ಟಿಯಲ್ಲಿ ಮಗಳದು ಇನ್ನೂರ ಹದಿನಾಲ್ಕನೆಯ ಹೆಸರು. ಎಂಟು ವರ್ಷದ ಹುಡುಗಿಗೆ ಅಮ್ಮ ಕೊಟ್ಟ ಮಾತು ನಡೆಯಲಿಲ್ಲ.